ಅಯಸ್ಕಾಂತವೂ ಬಿಳಿಯ ರಕ್ತಕಣವೂ

ಅಯಸ್ಕಾಂತವೆಂಬ ಹೆಸರನ್ನಿಟ್ಟವರು ರಸಿಕರಾಗಿದ್ದಿರಬೇಕು. ‘ಅಯಸ್’ ಎಂದರೆ ಕಬ್ಬಿಣ. ‘ಕಾಂತ’ ಎಂದರೆ ಪ್ರಿಯನಾದವನು. ಯಾವುದನ್ನು ಕಂಡರೆ ಕಬ್ಬಿಣವು ಎದ್ದು ಓಡಿಹೋಗುವುದೋ ಅದು ಅಯಸ್ಕಾಂತ. ನಮ್ಮ ಆಡುಮಾತಿನ ‘ಸೂಜಿಗಲ್ಲು’ ಇಷ್ಟು ಶೃಂಗಾರಕ್ಕೆ ಹೋಗುವುದಿಲ್ಲ. ಸೂಜಿಯನ್ನು ಎಳೆಯುವ ಕಲ್ಲು, ಅಷ್ಟೆ. ಎರಡು ಹೆಸರುಗಳಲ್ಲಿಯೂ ಒಂದು ಮಾತು ಮಾತ್ರ ಸ್ಪಷ್ಟವಾಗಿದೆ. ಆ ಕಲ್ಲಿನ ಪ್ರೀತಿಯೆಲ್ಲ ಕಬ್ಬಿಣದ ಮೇಲೆಯೇ ಹೊರತು ಕಂಡಕಂಡ ವಸ್ತುವಿನ ಮೇಲಲ್ಲ. ಮನುಷ್ಯನ ಮೈಯ ಮಾತು ಬಂದಾಗ ಜನ ಇದನ್ನು ಮರೆತುಬಿಡುತ್ತಾರೆ.

ಮರೆಯುವುದಕ್ಕೆ ಒಂದು ಕಾರಣವೂ ಉಂಟು. ರಕ್ತದಲ್ಲಿ ಕಬ್ಬಿಣವಿದೆಯೆಂಬುದನ್ನು ನಾವೆಲ್ಲರೂ ಪ್ರೌಢಶಾಲೆಯಲ್ಲಿ ಓದಿದ್ದೇವೆ. ಕಬ್ಬಿಣವಿದ್ದಮೇಲೆ ಅಯಸ್ಕಾಂತವು ರಕ್ತವನ್ನು ಎಳೆಯಲೇಬೇಕು. ಎಳೆದರೆ ರಕ್ತ ಚುರುಕಾಗಿ ಹರಿಯಬೇಕು. ಹರಿದರೆ ರೋಗನಿರೋಧಕ ಶಕ್ತಿ ಹೆಚ್ಚಬೇಕು. ವಾದ ಮೂರೇ ಹೆಜ್ಜೆಯದು, ಕೇಳುವುದಕ್ಕೂ ಚೆನ್ನಾಗಿದೆ. ನಾನು ಬಿ.ಎ. ತರಗತಿಯಲ್ಲಿ ಇತಿಹಾಸವನ್ನೂ ಮನಃಶಾಸ್ತ್ರವನ್ನೂ ಓದುತ್ತಿರುವ ವಿದ್ಯಾರ್ಥಿ. ಭೌತವಿಜ್ಞಾನ ನನ್ನ ವಿಷಯವಲ್ಲ. ಆದರೂ ಈ ವಾದವನ್ನು ಹೆಜ್ಜೆ ಹೆಜ್ಜೆಯಾಗಿ ಪರೀಕ್ಷಿಸಬೇಕಾದ ಸಂದರ್ಭ ನಮ್ಮ ಮನೆಯಲ್ಲಿಯೇ ಒದಗಿತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಕಬ್ಬಿಣದ ಲೆಕ್ಕ. ವಯಸ್ಕನ ದೇಹದಲ್ಲಿರುವ ಕಬ್ಬಿಣವೆಲ್ಲ ಸೇರಿ ೩ರಿಂದ ೪ ಗ್ರಾಂ. ಒಂದು ಸಣ್ಣ ಮೊಳೆಗೆ ಸಾಕಾಗಬಹುದು. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕೆಂಪು ರಕ್ತಕಣಗಳ ಹೀಮೋಗ್ಲೋಬಿನ್ನಿನಲ್ಲಿದೆ. ಆದರೆ ಮೊಳೆಯಲ್ಲಿರುವ ಕಬ್ಬಿಣಕ್ಕೂ ರಕ್ತದಲ್ಲಿರುವ ಕಬ್ಬಿಣಕ್ಕೂ ಬಹಳ ಅಂತರ. ತೇರಿನ ಮಿಣಿಗೆ ಊರಿನವರೆಲ್ಲ ಕೈಹಾಕಿ ಒಂದೇ ಕಡೆಗೆ ಜಗ್ಗಿದಾಗ ತೇರು ಕದಲುತ್ತದೆಯಷ್ಟೆ. ಮೊಳೆಯೊಳಗೆ ಕೋಟ್ಯಂತರ ಪರಮಾಣುಗಳು ಹಾಗೆ ಒಂದೇ ಮುಖವಾಗಿ ನಿಂತು ಜಗ್ಗುತ್ತವೆ. ರಕ್ತದಲ್ಲಿಯೋ ಒಂದೊಂದು ಕಬ್ಬಿಣದ ಪರಮಾಣುವೂ ಪ್ರೋಟೀನಿನ ಗೂಡಿನೊಳಗೆ ಒಂಟಿಯಾಗಿ ಕುಳಿತಿದೆ. ಒಬ್ಬೊಬ್ಬನೇ ತನ್ನ ತನ್ನ ಮನೆಯ ಜಗಲಿಯಲ್ಲಿ ಕುಳಿತರೆ ತೇರು ಸಾಗುವುದೆಂತು? ನುಗ್ಗೆಸೊಪ್ಪಿನಲ್ಲಿಯೂ ಕಬ್ಬಿಣವುಂಟು. ಸೂಜಿಗಲ್ಲನ್ನು ಹಿಡಿದರೆ ಸೊಪ್ಪು ಹಾರಿಬಂದು ಅಂಟಿಕೊಂಡುದನ್ನು ಯಾರೂ ಕಂಡಿಲ್ಲ.

ಇದಕ್ಕೂ ಸ್ವಾರಸ್ಯವಾದ ಸಂಗತಿಯೊಂದಿದೆ. ೧೯೩೬ರಲ್ಲಿ ಅಮೆರಿಕದ ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಎಂಬ ವಿಜ್ಞಾನಿಗಳು ರಕ್ತವನ್ನು ಅಯಸ್ಕಾಂತದ ಬಳಿ ತೂಗಿ ನೋಡಿದರು. ಆಮ್ಲಜನಕವನ್ನು ಹೊತ್ತಿರುವ ರಕ್ತವನ್ನು ಅಯಸ್ಕಾಂತವು ಎಳೆಯುವುದೇ ಇಲ್ಲ. ಅತ್ಯಲ್ಪವಾಗಿ ದೂರವೇ ತಳ್ಳುತ್ತದೆ. ಆಮ್ಲಜನಕವನ್ನು ಇಳಿಸಿದ ಹೀಮೋಗ್ಲೋಬಿನ್ನನ್ನು ಮಾತ್ರ ಅತ್ಯಲ್ಪವಾಗಿ ಎಳೆಯುತ್ತದೆ. ಅಂದರೆ ಶ್ವಾಸಕೋಶದಿಂದ ಹೊರಟ ಹೊಸ ರಕ್ತಕ್ಕೆ ಅಯಸ್ಕಾಂತ ಪ್ರಿಯನಲ್ಲ. ಈ ಸೂಕ್ಷ್ಮ ವ್ಯತ್ಯಾಸವನ್ನೇ ಹಿಡಿದು ೧೯೯೦ರಲ್ಲಿ ಸೀಜಿ ಒಗಾವ ಎಂಬ ಜಪಾನೀ ವಿಜ್ಞಾನಿ ಮಿದುಳಿನ ಯಾವ ಭಾಗ ಕೆಲಸ ಮಾಡುತ್ತಿದೆಯೆಂದು ಚಿತ್ರ ತೆಗೆಯುವ ಮಾರ್ಗವನ್ನು ತೋರಿಸಿಕೊಟ್ಟನು. ನಮ್ಮ ಮನಃಶಾಸ್ತ್ರದ ಪಠ್ಯಗಳಲ್ಲಿ ಬರುವ ಮಿದುಳಿನ ಬಣ್ಣದ ಚಿತ್ರಗಳ ಮೂಲ ಇಲ್ಲಿದೆ. ಆ ವ್ಯತ್ಯಾಸವನ್ನು ಅಳೆಯುವುದಕ್ಕೆ ಬಲವಾದ ಅಯಸ್ಕಾಂತವೂ ಸೂಕ್ಷ್ಮವಾದ ಯಂತ್ರವೂ ಬೇಕು.

ಇನ್ನು ಬಿಳಿಯ ರಕ್ತಕಣಗಳ ವಿಚಾರ. ರೋಗನಿರೋಧಕ ಶಕ್ತಿಯೆಂದು ನಾವು ಹೇಳುವುದು ಬಹುಮಟ್ಟಿಗೆ ಇವುಗಳ ಕೆಲಸವನ್ನು. ೧೮೮೨ರಲ್ಲಿ ಎಲೀ ಮೆಚ್ನಿಕಾಫ್ ಎಂಬ ರಷ್ಯದ ಜೀವವಿಜ್ಞಾನಿ ಇಟಲಿಯ ಮೆಸ್ಸೀನಾ ಪಟ್ಟಣದಲ್ಲಿ ನಕ್ಷತ್ರಮೀನಿನ ಪಾರದರ್ಶಕವಾದ ಮರಿಗೆ ಗುಲಾಬಿಯ ಮುಳ್ಳೊಂದನ್ನು ಚುಚ್ಚಿಟ್ಟು, ಬೆಳಗಾಗುವಷ್ಟರಲ್ಲಿ ಅಲೆಮಾರಿ ಕೋಶಗಳು ಆ ಮುಳ್ಳನ್ನು ಸುತ್ತುವರಿದಿದ್ದುದನ್ನು ಕಂಡನು. ಪರಕೀಯ ವಸ್ತುವನ್ನು ನುಂಗಿ ಅರಗಿಸುವ ಕೋಶಗಳು ನಮ್ಮಲ್ಲಿಯೂ ಇವೆ. ಅವಲ್ಲದೆ ಒಮ್ಮೆ ಕಂಡ ವೈರಿಯ ಗುರುತಿಟ್ಟುಕೊಳ್ಳುವ ಲಿಂಫೋಸೈಟುಗಳೂ ಇವೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಕೆಂಪು ಕಣಗಳು ಸುಮಾರು ೫೦ ಲಕ್ಷ. ಬಿಳಿಯವು ೪,೦೦೦ದಿಂದ ೧೧,೦೦೦. ಬಿಳಿಯ ಕಣದಲ್ಲಿ ಹೀಮೋಗ್ಲೋಬಿನ್ ಇಲ್ಲ. ಹಳೆಯ ಕೆಂಪು ಕಣಗಳನ್ನು ನುಂಗಿ ಅವುಗಳ ಕಬ್ಬಿಣವನ್ನು ಮರಳಿ ಬಳಕೆಗೆ ಕೊಡುವ ಮಹಾಭಕ್ಷಕ ಕೋಶಗಳಲ್ಲಿ ಸ್ವಲ್ಪ ಸಂಗ್ರಹವಿರುತ್ತದೆ. ಉಳಿದವುಗಳಲ್ಲಿ ಕಬ್ಬಿಣ ಬಹಳ ಕಡಿಮೆ. ಹೀಗಿರುವಲ್ಲಿ ‘ರಕ್ತದ ಕಬ್ಬಿಣ’ದ ವಾದ ಬಿಳಿಯ ಕಣದ ಬಾಗಿಲಿಗೆ ಬರುವ ಮೊದಲೇ ಮುಗಿದುಹೋಗುತ್ತದೆ.

ಈಗ ಮನೆಯ ಸಂಗತಿ. ಕೊರೋನ ಕಾಲದ ಮರುವರ್ಷ, ಅಂದರೆ ೨೦೨೧ರಲ್ಲಿ, ಅಯಸ್ಕಾಂತದ ಬಿಲ್ಲೆಗಳನ್ನು ಹೊಲಿದ ಹಾಸಿಗೆಯೊಂದನ್ನು ಮಾರುತ್ತ ಒಬ್ಬ ಮನುಷ್ಯ ನಮ್ಮೂರಿಗೆ ಬಂದನು. ಮೇಲಣ ಮೂರು ಹೆಜ್ಜೆಯ ವಾದವನ್ನು ನಾನು ಕೇಳಿದುದು ಅವನ ಬಾಯಿಂದಲೇ. ನಮ್ಮ ಚಿಕ್ಕಪ್ಪ ಎರಡು ಕುರಿಗಳನ್ನು ಮಾರಿ ಅದನ್ನು ಕೊಂಡರು. ದುಡ್ಡು ಹೋದುದು ದೊಡ್ಡದಲ್ಲ. ಹಾಸಿಗೆಯ ಮೇಲೆ ಮಲಗಿದರೆ ಮಾತ್ರೆ ಬೇಡವೆಂದು ಅವನು ಹೇಳಿಹೋಗಿದ್ದನಾಗಿ, ಚಿಕ್ಕಪ್ಪ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಎರಡು ತಿಂಗಳು ನಿಲ್ಲಿಸಿದ್ದರು. “ಓದಿದವನ ಹಾಗೆ ಮಾತಾಡ್ತಾನಲ್ಲೋ, ಸುಳ್ಳು ಹೇಳ್ತಾನೇನು?” ಎಂದು ನನ್ನನ್ನೇ ಕೇಳಿದರು. ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಕಾಲಿನ ಸಣ್ಣ ಗಾಯ ಮಾಯದೆ ಕೀವು ಕಟ್ಟಿ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇರಬೇಕಾಯಿತು. ರಕ್ತದಲ್ಲಿ ಸಕ್ಕರೆ ಏರಿದಾಗ ಬಿಳಿಯ ಕಣಗಳು ಗಾಯದ ಕಡೆಗೆ ಸರಿಯುವುದೂ ಕ್ರಿಮಿಗಳನ್ನು ನುಂಗುವುದೂ ಕುಂಠಿತವಾಗುತ್ತದೆ. ರೋಗನಿರೋಧಕ ಶಕ್ತಿಯ ಹೆಸರಿನಲ್ಲಿ ಕೊಂಡ ಹಾಸಿಗೆಯಿಂದ ಬಿಳಿಯ ಕಣಗಳಿಗೆ ಆದ ಉಪಕಾರ ಇಷ್ಟು.

ಅಯಸ್ಕಾಂತದ ಹಿಡಿತವೆಷ್ಟೆಂಬುದನ್ನು ಅಂಕಿಗಳಲ್ಲಿ ನೋಡುವುದು ಒಳ್ಳೆಯದು. ಕಾಂತಕ್ಷೇತ್ರವನ್ನು ಅಳೆಯುವ ಮಾನ ಟೆಸ್ಲಾ. ಅದರ ಹತ್ತು ಲಕ್ಷದಲ್ಲೊಂದು ಪಾಲು ಮೈಕ್ರೋಟೆಸ್ಲಾ. ಭೂಮಿಯೇ ಒಂದು ಅಯಸ್ಕಾಂತವೆಂದು ವಿಲಿಯಂ ಗಿಲ್ಬರ್ಟ್ ೧೬೦೦ರಲ್ಲಿಯೇ ಬರೆದನಷ್ಟೆ. ಆ ಕ್ಷೇತ್ರ ಪ್ರದೇಶಕ್ಕೆ ತಕ್ಕಂತೆ ೨೫ರಿಂದ ೬೫ ಮೈಕ್ರೋಟೆಸ್ಲಾ. ನಮ್ಮ ನಾಡಿನಲ್ಲಿ ಸುಮಾರು ೪೦. ಆಸ್ಪತ್ರೆಯ ಎಂ.ಆರ್.ಐ. ಯಂತ್ರದ್ದು ಸಾಮಾನ್ಯವಾಗಿ ಒಂದೂವರೆ ಅಥವಾ ಮೂರು ಟೆಸ್ಲಾ, ಅಂದರೆ ಭೂಮಿಯದರ ಮೂವತ್ತು ನಲವತ್ತು ಸಾವಿರ ಪಟ್ಟು ಅಥವಾ ಅದಕ್ಕೂ ಮೇಲೆ. ಹಾಸಿಗೆಯ ಬಿಲ್ಲೆಯ ಬಲವಾದರೋ ಬಿಲ್ಲೆಯ ಮೈಗೆ ಅಂಟಿಕೊಂಡಂತಿರುತ್ತದೆ. ಒಂದೆರಡು ಅಂಗುಲ ದೂರ ಹೋಗುವಷ್ಟರಲ್ಲಿ ಬಹಳ ಇಳಿದುಹೋಗುತ್ತದೆ.

ಇದಕ್ಕೆ ಎದುರಾಗಿ ಮೈಯ ಬಿಸಿಯನ್ನು ಇಟ್ಟು ನೋಡಬೇಕು. ನಮ್ಮ ದೇಹದ ಉಷ್ಣದಲ್ಲಿ ಪ್ರತಿಯೊಂದು ಅಣುವೂ ಸದಾ ತಳ್ಳಾಟದಲ್ಲಿದೆ, ಜಾತ್ರೆಯ ಸಂದಣಿಯಂತೆ. ಒಂದು ಎಲೆಕ್ಟ್ರಾನಿನ ಮೇಲೆ ಭೂಮಿಯ ಕಾಂತಕ್ಷೇತ್ರಕ್ಕಿರುವ ಶಕ್ತಿಯನ್ನು ಈ ತಳ್ಳಾಟದ ಶಕ್ತಿಯೊಡನೆ ಹೋಲಿಸಿದರೆ ತಳ್ಳಾಟವೇ ಸುಮಾರು ಒಂದು ಕೋಟಿ ಪಟ್ಟು ಹೆಚ್ಚು. ಒಂದೂವರೆ ಟೆಸ್ಲಾದ ಯಂತ್ರದೊಳಗೂ ತಳ್ಳಾಟವೇ ಸುಮಾರು ಮುನ್ನೂರು ಪಟ್ಟು ಮುಂದಿದೆ. ಜಾತ್ರೆಯ ನಡುವೆ ಒಬ್ಬರು ಕಿವಿಯಲ್ಲಿ ಪಿಸುಗುಟ್ಟಿದ ಹಾಗೆ. ೧೯೯೭ರಲ್ಲಿ ಹಾಲೆಂಡಿನ ನೈಮೇಖನ್ ಪಟ್ಟಣದಲ್ಲಿ ಆಂಡ್ರೆ ಗೈಮ್ ಎಂಬ ವಿಜ್ಞಾನಿ ಸುಮಾರು ೧೬ ಟೆಸ್ಲಾದ ಕಾಂತಕ್ಷೇತ್ರದಲ್ಲಿ ಜೀವಂತವಾದ ಕಪ್ಪೆಯೊಂದನ್ನು ಗಾಳಿಯಲ್ಲಿ ತೇಲಿಸಿದನು. ಕಪ್ಪೆಯನ್ನು ಎತ್ತಿದುದು ಅದರ ರಕ್ತದ ಕಬ್ಬಿಣವಲ್ಲ. ಅಯಸ್ಕಾಂತವು ನೀರನ್ನು ಅತ್ಯಲ್ಪವಾಗಿ ತಳ್ಳುವುದರಿಂದ ಅದರ ಮೈಯ ನೀರೇ ಅದನ್ನು ಎತ್ತಿತು. ಕಪ್ಪೆಯ ಬಿಳಿಯ ಕಣಗಳೂ ಅದರೊಡನೆ ತೇಲಿದವೆನ್ನಬೇಕು. ಕೆಳಗಿಳಿಸಿದ ಮೇಲೆ ಕಪ್ಪೆ ಕುಶಲವಾಗಿಯೇ ಇದ್ದಿತು. ಇದಕ್ಕಾಗಿ ೨೦೦೦ದಲ್ಲಿ ಮೊದಲು ಹಾಸ್ಯಕ್ಕೆ ಕೊಡುವ ಇಗ್ನೊಬೆಲ್ ಬಹುಮಾನವೂ, ಬೇರೊಂದು ಕೆಲಸಕ್ಕಾಗಿ ೨೦೧೦ರಲ್ಲಿ ನಿಜವಾದ ನೊಬೆಲ್ ಬಹುಮಾನವೂ ಗೈಮ್‌ಗೆ ದೊರೆತವು.

ಹಾಗಾದರೆ ಅಯಸ್ಕಾಂತದಿಂದ ಬಿಳಿಯ ಕಣಕ್ಕೆ ಏನೂ ಆಗುವುದಿಲ್ಲವೆಂದು ಹೇಳಿ ಲೇಖನಿಯನ್ನು ಕೆಳಗಿಡಬಹುದೆ? ಇಡಲಾಗದು. ‘ಆಯಿತು’ ಎಂದು ಹೇಳುವ ಪ್ರಯೋಗಗಳೂ ‘ಆಗಲಿಲ್ಲ’ ಎಂದು ಹೇಳುವ ಪ್ರಯೋಗಗಳೂ ರಾಶಿರಾಶಿಯಾಗಿವೆ. ಲೆಕ್ಕವನ್ನು ಮಾತ್ರ ನಂಬಿ ಪ್ರಯೋಗವನ್ನು ತಳ್ಳಿಹಾಕುವುದು ವಿಜ್ಞಾನದ ದಾರಿಯಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಆಯಿತೆಂದವರು ಯಾವುದರೊಡನೆ ಹೋಲಿಸಿ ಆಯಿತೆಂದರು? ಈ ಪ್ರಶ್ನೆಯನ್ನು ಮೊದಲು ಅಂದವಾಗಿ ಕೇಳಿದ ಕಥೆ ಇತಿಹಾಸದಲ್ಲಿದೆ. ಅದು ಪ್ಯಾರಿಸ್ಸಿನ ಕಥೆ.

ಫ್ರಾನ್ಸ್ ಮೆಸ್ಮರ್ ಎಂಬ ವೈದ್ಯನು ವಿಯೆನ್ನಾದಲ್ಲಿ ಮೊದಲು ಉಕ್ಕಿನ ಅಯಸ್ಕಾಂತಗಳಿಂದ ಚಿಕಿತ್ಸೆ ಮಾಡುತ್ತಿದ್ದು, ಆಮೇಲೆ ಅವುಗಳನ್ನೂ ಬಿಟ್ಟು, ತನ್ನ ದೇಹದಿಂದಲೇ ಒಂದು ‘ಪ್ರಾಣಿಕಾಂತತೆ’ ಹರಿಯುತ್ತದೆಂದು ಹೇಳತೊಡಗಿದನು. ೧೭೭೮ರಲ್ಲಿ ಪ್ಯಾರಿಸ್ಸಿಗೆ ಬಂದನು. ಶ್ರೀಮಂತರು ಅವನ ತೊಟ್ಟಿಯ ಸುತ್ತಲೂ ಕುಳಿತು ಕಬ್ಬಿಣದ ಸರಳುಗಳನ್ನು ಹಿಡಿದು ಮೂರ್ಛೆ ಹೋಗುತ್ತಿದ್ದರು, ಎದ್ದು ಗುಣವಾಯಿತೆನ್ನುತ್ತಿದ್ದರು. ೧೭೮೪ರಲ್ಲಿ ಹದಿನಾರನೆಯ ಲೂಯಿ ದೊರೆ ಒಂದು ಸಮಿತಿಯನ್ನು ನೇಮಿಸಿದನು. ಅಮೆರಿಕದ ರಾಯಭಾರಿಯಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್, ರಸಾಯನಶಾಸ್ತ್ರಜ್ಞ ಲವಾಸಿಯೆ, ಖಗೋಳಜ್ಞ ಬೈಯಿ, ವೈದ್ಯ ಗಿಲೊಟಿನ್ ಮೊದಲಾದವರು ಅದರಲ್ಲಿದ್ದರು. (ಸುಮಾರು ಹತ್ತು ವರ್ಷಗಳಲ್ಲಿ ಕ್ರಾಂತಿಯ ಕಾಲದಲ್ಲಿ ಬೈಯಿ ಮತ್ತು ಲವಾಸಿಯೆ ಇಬ್ಬರ ತಲೆಗಳೂ ಅದೇ ಸಮಿತಿಯ ಇನ್ನೊಬ್ಬ ಸದಸ್ಯನ ಹೆಸರು ಹೊತ್ತ ಯಂತ್ರದಲ್ಲಿ ಹೋದವು. ಇತಿಹಾಸದ ವಿದ್ಯಾರ್ಥಿಗೆ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು.)

ಫ್ರಾಂಕ್ಲಿನ್ ವಾಸವಾಗಿದ್ದ ಪಾಸಿಯ ತೋಟದಲ್ಲಿ ಪರೀಕ್ಷೆ ನಡೆಯಿತು. ಮೆಸ್ಮರನ ಶಿಷ್ಯನಾದ ದೆಲಾನ್ ಒಂದು ಜರದಾಳು ಮರಕ್ಕೆ ತನ್ನ ಶಕ್ತಿಯನ್ನು ತುಂಬಿದನು. ಅವನೇ ಆರಿಸಿ ತಂದ, ಈ ಶಕ್ತಿಗೆ ಬೇಗ ವಶವಾಗುವ ಹನ್ನೆರಡು ವರ್ಷದ ಹುಡುಗನ ಕಣ್ಣು ಕಟ್ಟಿ, ಶಕ್ತಿ ತುಂಬದ ಬೇರೆ ಮರಗಳ ಬಳಿಗೆ ಒಂದೊಂದಾಗಿ ಕರೆದೊಯ್ದರು. ಮೊದಲನೆಯ ಮರದ ಬಳಿಯೇ ಹುಡುಗ ಬೆವರಿದನು, ಮುಂದೆ ತಲೆನೋವೆಂದನು, ನಾಲ್ಕನೆಯ ಮರದ ಬಳಿ ಮೂರ್ಛೆ ಹೋದನು.  ಹುಡುಗನ ಬೆವರು ಸುಳ್ಳಲ್ಲ, ಮೂರ್ಛೆಯೂ ಸುಳ್ಳಲ್ಲ. ಕಾರಣ ಮಾತ್ರ ಮರದಲ್ಲಿರಲಿಲ್ಲ. ನಮ್ಮ ಮನಃಶಾಸ್ತ್ರದ ತರಗತಿಯಲ್ಲಿ ‘ನಿಯಂತ್ರಿತ ಗುಂಪು’ ಎಂದು ಕಲಿಯುವುದರ ಜೀವಾಳವೆಲ್ಲ ಈ ನಾಲ್ಕು ಬರಿಯ ಮರಗಳಲ್ಲಿದೆಯೆಂದು ನನಗೆ ತೋರುತ್ತದೆ.

ಆದರೆ ಗಾಜಿನ ತಟ್ಟೆಯಲ್ಲಿಟ್ಟ ಬಿಳಿಯ ಕಣಕ್ಕೆ ಕಣ್ಣು ಕಟ್ಟಬೇಕಾಗಿಲ್ಲವಷ್ಟೆ. ಅದಕ್ಕೆ ಆಸೆಯೂ ಇಲ್ಲ, ಭಯವೂ ಇಲ್ಲ. ಹಾಗಿದ್ದಮೇಲೆ ಪ್ರಯೋಗ ಸುಲಭವಾಗಬೇಕಲ್ಲವೆ? ಇಲ್ಲಿಯೇ ತೊಡಕು. ಕಾಂತಕ್ಷೇತ್ರವನ್ನು ಉಂಟುಮಾಡಲು ತಾಮ್ರದ ತಂತಿಯ ಸುರುಳಿಯಲ್ಲಿ ವಿದ್ಯುತ್ತನ್ನು ಹರಿಸುತ್ತಾರೆ. ವಿದ್ಯುತ್ ಹರಿದರೆ ತಂತಿ ಬಿಸಿಯಾಗುತ್ತದೆ. ಬಿಳಿಯ ಕಣಗಳು ೩೭ ಡಿಗ್ರಿಯ ಮೈಬಿಸಿಗೆ ಹೊಂದಿಕೊಂಡವು. ಅರ್ಧ ಡಿಗ್ರಿ ಏರಿದರೂ ಅವುಗಳ ನಡತೆ ಬದಲಾಗಬಹುದು. ಸುರುಳಿಯೊಳಗಿಟ್ಟ ತಟ್ಟೆಯಲ್ಲಿ ಬದಲಾವಣೆ ಕಂಡಿತು, ಹೊರಗಿಟ್ಟ ತಟ್ಟೆಯಲ್ಲಿ ಕಾಣಲಿಲ್ಲವೆಂದರೆ ಅದು ಕಾಂತಕ್ಷೇತ್ರದ ಕೆಲಸವೋ ಬಿಸಿಯ ಕೆಲಸವೋ?

ಇದಕ್ಕೆ ಕಂಡುಹಿಡಿದ ಉಪಾಯವನ್ನು ಓದಿದಾಗ ನನಗೆ ಬಹಳ ಸಂತೋಷವಾಯಿತು. ಸುರುಳಿಯನ್ನು ಒಂದು ತಂತಿಯಿಂದ ಸುತ್ತುವ ಬದಲು ಅಕ್ಕಪಕ್ಕದಲ್ಲಿಟ್ಟ ಜೋಡಿ ತಂತಿಯಿಂದ ಸುತ್ತುತ್ತಾರೆ. ಎರಡು ತಂತಿಗಳಲ್ಲಿಯೂ ವಿದ್ಯುತ್ ಒಂದೇ ದಿಕ್ಕಿಗೆ ಹರಿದರೆ ಕಾಂತಕ್ಷೇತ್ರಗಳು ಕೂಡಿಕೊಳ್ಳುತ್ತವೆ. ಒಂದರಲ್ಲಿ ಮುಂದಕ್ಕೆ, ಇನ್ನೊಂದರಲ್ಲಿ ಹಿಂದಕ್ಕೆ ಹರಿಸಿದರೆ ಒಂದರ ಕ್ಷೇತ್ರವನ್ನು ಇನ್ನೊಂದು ಅಳಿಸಿಹಾಕುತ್ತದೆ. ವಿದ್ಯುತ್ತು ಅಷ್ಟೇ, ಬಿಸಿ ಅಷ್ಟೇ. ಕಾಂತಕ್ಷೇತ್ರ ಮಾತ್ರ ಇಲ್ಲ. ಎರಡು ಸುರುಳಿಗಳನ್ನೂ ಒಂದೇ ಬಗೆಯಾಗಿ ಕಾಣುವಂತೆ ಇಟ್ಟು, ಯಾವುದರಲ್ಲಿ ಕ್ಷೇತ್ರವಿದೆಯೆಂದು ಕಣ ಎಣಿಸುವವರಿಗೂ ತಿಳಿಯದಂತೆ ಬೇರೊಬ್ಬರು ಗುಂಡಿ ಒತ್ತುತ್ತಾರೆ. ಪಾಸಿಯ ತೋಟದಲ್ಲಿ ಹುಡುಗನಿಗೆ ಕಟ್ಟಿದ ಬಟ್ಟೆಯನ್ನು ಇಲ್ಲಿ ಪ್ರಯೋಗ ಮಾಡುವವರು ತಮ್ಮ ಕಣ್ಣಿಗೇ ಕಟ್ಟಿಕೊಂಡಂತಾಯಿತು.

ಇಷ್ಟಾದರೂ ಮುಗಿಯಲಿಲ್ಲ. ಕೋಶಗಳನ್ನು ಬೆಳೆಸುವ ಬೆಚ್ಚನೆಯ ಪೆಟ್ಟಿಗೆಯಲ್ಲಿ ಬಿಸಿ ಮಾಡುವ ತಂತಿಯೂ ಗಾಳಿ ಬೀಸುವ ಮೋಟಾರೂ ಇರುತ್ತವೆ. ಅವುಗಳಿಂದಲೂ ಕಾಂತಕ್ಷೇತ್ರ ಹೊರಡುತ್ತದೆ. ಮೇಲಿನ ಅಂತಸ್ತಿನಲ್ಲಿ ಒಂದು ಪ್ರಮಾಣ, ಕೆಳಗಿನದರಲ್ಲಿ ಇನ್ನೊಂದು. ಅತ್ಯಲ್ಪ ಕ್ಷೇತ್ರದ ಪರಿಣಾಮವನ್ನು ನೋಡುವವನು ಮೊದಲು ತನ್ನ ಪೆಟ್ಟಿಗೆಯನ್ನೇ ಅಳೆದು ನೋಡಬೇಕು. ಹಳೆಯ ಪ್ರಯೋಗಗಳಲ್ಲಿ ಅನೇಕರು ಅಳೆಯಲಿಲ್ಲ. ಒಂದು ಪ್ರಯೋಗಶಾಲೆಯಲ್ಲಿ ಕಂಡುದು ಇನ್ನೊಂದರಲ್ಲಿ ಕಾಣದೆಹೋಗುವುದಕ್ಕೆ ಇದೂ ಒಂದು ಕಾರಣವಿರಬಹುದು.

ಅಳತೆಯ ತಪ್ಪಿಗಿಂತ ದೊಡ್ಡದೂ ಒಂದು ನಡೆಯಿತು. ೧೯೯೨ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯಿಂದ ಎರಡು ಲೇಖನಗಳು ಬಂದವು. ಮನೆಬಳಕೆಯ ವಿದ್ಯುತ್ತಿನಂತೆ ಅಲೆಯುವ ಕ್ಷೇತ್ರಗಳು ಲಿಂಫೋಸೈಟುಗಳೊಳಗೆ ಕ್ಯಾಲ್ಸಿಯಂ ಪ್ರವೇಶಿಸುವ ಬಗೆಯನ್ನು ಬದಲಿಸುತ್ತವೆಂದು ಅವುಗಳಲ್ಲಿ ಹೇಳಿದ್ದಿತು. ಕ್ಯಾಲ್ಸಿಯಂ ಈ ಕಣಗಳಿಗೆ ಎಚ್ಚರಿಕೆಯ ಗಂಟೆಯಿದ್ದಂತೆ. ಆದುದರಿಂದ ಈ ವಾರ್ತೆಗೆ ತುಂಬ ಬೆಲೆ ಬಂದಿತು. ೧೯೯೯ರಲ್ಲಿ ಅಮೆರಿಕ ಸರ್ಕಾರದ ಸಂಶೋಧನಾ ಪ್ರಾಮಾಣಿಕತೆಯ ಕಚೇರಿ, ಆ ಲೇಖನಗಳ ಅಂಕಿಅಂಶಗಳನ್ನು ಬೇಕೆಂದೇ ತಿರುಚಲಾಗಿದೆಯೆಂದು ತೀರ್ಮಾನಿಸಿತು. ಬರೆದಾತನು ತಾನು ತಪ್ಪು ಮಾಡಿಲ್ಲವೆಂದನಾದರೂ ಪ್ರಶ್ನೆಗೊಳಗಾದ ಭಾಗಗಳನ್ನು ಹಿಂತೆಗೆದುಕೊಳ್ಳಲು ಒಪ್ಪಿದನು. ಏಳು ವರ್ಷಗಳ ಕಾಲ ಆ ಲೇಖನಗಳು ವಿದ್ವಾಂಸರ ಕೈಯಲ್ಲಿ ಓಡಾಡಿದವು. ಹಾಸಿಗೆ ಮಾರುವವನೊಬ್ಬನೇ ಎಚ್ಚರಿಕೆಗೆ ಪಾತ್ರನೆಂದು ನಾವು ತಿಳಿಯಬಾರದು.

ಈಗ ಆಸ್ಪತ್ರೆಯ ಯಂತ್ರದ ವಿಚಾರಕ್ಕೆ ಬರೋಣ. ಹಾಸಿಗೆಯನ್ನು ನಂಬುವ ಜನವೇ ಎಂ.ಆರ್.ಐ. ಎಂದರೆ ಹೆದರುವುದನ್ನು ನಾನು ಕಂಡಿದ್ದೇನೆ. ಆ ಹೆದರಿಕೆಗೆ ಒಮ್ಮೆ ವಿದ್ವತ್ಪತ್ರಿಕೆಯಿಂದಲೇ ಸ್ವಲ್ಪ ಬಲ ಬಂದಿದ್ದಿತು. ೨೦೧೩ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ಪಟ್ಟಣದ ವೈದ್ಯರು ಹೃದಯದ ಎಂ.ಆರ್.ಐ. ಮಾಡಿಸಿಕೊಂಡ ೨೦ ಮಂದಿಯ ರಕ್ತವನ್ನು ಮೊದಲೂ ಆಮೇಲೂ ತೆಗೆದು ಲಿಂಫೋಸೈಟುಗಳನ್ನು ಪರೀಕ್ಷಿಸಿದರು. ಕೋಶದ ಡಿ.ಎನ್.ಎ. ಎಂಬ ಜೋಡಿ ಎಳೆ ಎರಡೂ ಕಡೆ ತುಂಡಾದ ಸ್ಥಳದಲ್ಲಿ ಒಂದು ಪ್ರೋಟೀನಿನ ಮೇಲೆ ಗುರುತು ಬೀಳುತ್ತದೆ. ಬಣ್ಣ ಹಚ್ಚಿದರೆ ಚುಕ್ಕೆಚುಕ್ಕೆಯಾಗಿ ಹೊಳೆಯುತ್ತದೆ. ಯಂತ್ರದಿಂದ ಬಂದಮೇಲೆ ಈ ಚುಕ್ಕೆಗಳು ಹೆಚ್ಚಿದ್ದುವೆಂದು ಅವರು ವರದಿ ಮಾಡಿದರು. ಕ್ಷ-ಕಿರಣವು ಡಿ.ಎನ್.ಎ.ಯನ್ನು ತುಂಡರಿಸುವುದೆಂದು ಎಲ್ಲರಿಗೂ ಗೊತ್ತು, ಎಂ.ಆರ್.ಐ.ಗೆ ಆ ದೋಷವಿಲ್ಲವೆಂಬುದೇ ಅದರ ಹಿರಿಮೆಯಾಗಿದ್ದಿತು. ವರದಿ ನಿಜವಾದರೆ ಸಾಮಾನ್ಯ ವಿಷಯವಲ್ಲ.

ಇಲ್ಲಿಯೂ ಬರಿಯ ಮರ ಎಲ್ಲಿದೆಯೆಂದು ಕೇಳಬೇಕು. ಎಂ.ಆರ್.ಐ.ಯೊಳಗೆ ಇರುವುದು ಒಂದು ಕ್ಷೇತ್ರವಲ್ಲ, ಮೂರು: ಅಲುಗದ ದೊಡ್ಡ ಕಾಂತಕ್ಷೇತ್ರ, ಟಕಟಕನೆ ಬದಲಾಗುವ ಚಿಕ್ಕ ಕ್ಷೇತ್ರಗಳು, ರೇಡಿಯೋ ಅಲೆಗಳು. ಚಿತ್ರ ಸ್ಪಷ್ಟವಾಗಲೆಂದು ಅನೇಕವೇಳೆ ಗ್ಯಾಡೋಲಿನಿಯಂ ಸೇರಿದ ಔಷಧವನ್ನೂ ಚುಚ್ಚುತ್ತಾರೆ. ಅದಲ್ಲದೆ, ಇಕ್ಕಟ್ಟಾದ ಕೊಳವೆಯಲ್ಲಿ ಮುಕ್ಕಾಲು ಗಂಟೆ ಮಲಗಿದವನಿಗೆ ಗಾಬರಿಯಾಗುವುದು ಸಹಜ. ಗಾಬರಿಯಿಂದಲೇ ರಕ್ತದಲ್ಲಿ ಬಿಳಿಯ ಕಣಗಳ ಸಂಖ್ಯೆಯೂ ಜಾತಿಯೂ ಬೇರೆಯಾಗುತ್ತದೆ. ಮೊದಲು ತೆಗೆದ ರಕ್ತದಲ್ಲಿದ್ದ ಕಣಗಳೇ ಆಮೇಲಿನದರಲ್ಲಿಯೂ ಅದೇ ಪ್ರಮಾಣದಲ್ಲಿವೆಯೆಂದು ಹೇಳುವಂತಿಲ್ಲ. ಯಂತ್ರವನ್ನು ಆರಿಸಿ ಜನರನ್ನು ಮಲಗಿಸೋಣವೆಂದರೆ ಅದೂ ಆಗದು. ದ್ರವ ಹೀಲಿಯಂನಿಂದ ತಂಪಾಗಿಟ್ಟ ಆ ಅಯಸ್ಕಾಂತ ಹಗಲೂ ರಾತ್ರಿ, ಚಿತ್ರ ತೆಗೆಯದಿರುವಾಗಲೂ, ಜಾಗೃತವಾಗಿಯೇ ಇರುತ್ತದೆ. ಆಸ್ಪತ್ರೆಗಳಲ್ಲಿ ಆ ಕೋಣೆಯ ಬಾಗಿಲಲ್ಲಿ ಬೀಗದಕೈಯನ್ನೂ ಚಿಲ್ಲರೆಯನ್ನೂ ತೆಗೆದಿಡಿಸುವುದು ಅದಕ್ಕಾಗಿಯೇ.

ಹೀಗಾಗಿ ಬೇರೆಯವರು ಮತ್ತೆ ಮತ್ತೆ ಮಾಡಿ ನೋಡಬೇಕಾಯಿತು. ೨೦೧೫ರಲ್ಲಿ ಜರ್ಮನಿಯ ಒಂದು ತಂಡದವರು ಹೃದಯದ ಎಂ.ಆರ್.ಐ. ಆದ ರೋಗಿಗಳ ಲಿಂಫೋಸೈಟುಗಳಲ್ಲಿ ಚುಕ್ಕೆಗಳು ಹೆಚ್ಚಿಲ್ಲವೆಂದರು. ಅದೇ ವರ್ಷ ಅದೇ ದೇಶದ ಇನ್ನೊಂದು ತಂಡದವರು ಮನುಷ್ಯನ ರಕ್ತದಿಂದ ಬೇರ್ಪಡಿಸಿದ ಲಿಂಫೋಸೈಟುಗಳನ್ನೇ ೭ ಟೆಸ್ಲಾದ ಯಂತ್ರದೊಳಗಿಟ್ಟರು. ಭಯಪಡುವ ರೋಗಿಯೇ ಅಲ್ಲಿಲ್ಲ. ಅವರಿಗೂ ಹಾನಿ ಕಾಣಲಿಲ್ಲ. ಅದೇ ಸುಮಾರಿಗೆ ಬೆಲ್ಜಿಯಮ್ಮಿನ ಒಂದು ತಂಡದವರು ಮಾತ್ರ ಸ್ವಲ್ಪ ಬದಲಾವಣೆ ಕಂಡಿತೆಂದು ಬರೆದರು. ೨೦೧೮ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸಂಶೋಧಕರು ಒಂದೂವರೆ ಟೆಸ್ಲಾದ ಯಂತ್ರದಲ್ಲಿ ಮತ್ತೆ ಪರೀಕ್ಷಿಸಿ, ಬಿಳಿಯ ಕಣಗಳ ಡಿ.ಎನ್.ಎ.ಗೆ ಹಾನಿಯಾದ ಸಾಕ್ಷ್ಯವಿಲ್ಲವೆಂದು, ಮೊದಲ ವರದಿ ಬಂದಿದ್ದ ಪತ್ರಿಕೆಯಲ್ಲಿಯೇ ಪ್ರಕಟಿಸಿದರು. ಎಲ್ಲವನ್ನೂ ತೂಗಿದರೆ ತಕ್ಕಡಿ ‘ಹಾನಿಯಿಲ್ಲ’ ಎಂಬ ಕಡೆಗೆ ವಾಲಿದೆಯೆಂದು ನನ್ನ ಅಭಿಪ್ರಾಯ. ವೈದ್ಯರು ಬೇಕೆಂದು ಬರೆದುಕೊಟ್ಟ ಎಂ.ಆರ್.ಐ.ಯನ್ನು ಈ ಕಾರಣಕ್ಕಾಗಿ ಬೇಡವೆನ್ನುವುದರಲ್ಲಿ ಅರ್ಥವಿಲ್ಲ. ದೇಹದಲ್ಲಿ ಹೃದಯದ ಯಂತ್ರ ಅಥವಾ ಕಬ್ಬಿಣದ ಚೂರು ಇದ್ದವರ ಪ್ರಶ್ನೆ ಬೇರೆ. ಅವರು ಮೊದಲೇ ಹೇಳಲೇಬೇಕು.

ವಿದ್ಯುತ್ ತಂತಿಗಳ ಕೆಳಗೆ ವಾಸಿಸುವವರ ಚಿಂತೆಗೆ ಇಷ್ಟು ಸುಲಭವಾದ ಉತ್ತರವಿಲ್ಲ. ೧೯೭೯ರಲ್ಲಿ ಅಮೆರಿಕದ ಡೆನ್ವರ್ ಪಟ್ಟಣದಲ್ಲಿ ನ್ಯಾನ್ಸಿ ವರ್ತೈಮರ್ ಮತ್ತು ಎಡ್ ಲೀಪರ್ ಎಂಬವರು, ಹೆಚ್ಚು ವಿದ್ಯುತ್ ಹರಿಯುವ ತಂತಿಗಳ ಬಳಿಯ ಮನೆಗಳ ಮಕ್ಕಳಲ್ಲಿ ಕ್ಯಾನ್ಸರ್ ಹೆಚ್ಚಾಗಿ ಕಂಡುಬಂದಿದೆಯೆಂದು ಬರೆದರು. ಅದರಲ್ಲಿ ಮುಖ್ಯವಾದುದು ಲ್ಯುಕೀಮಿಯ, ಅಂದರೆ ಬಿಳಿಯ ರಕ್ತಕಣಗಳ ಕ್ಯಾನ್ಸರ್. ೨೦೦೦ದಲ್ಲಿ ಹಲವು ದೇಶಗಳ ಅಂಕಿಗಳನ್ನು ಒಟ್ಟುಗೂಡಿಸಿದಾಗ, ಮನೆಯಲ್ಲಿ ೦.೪ ಮೈಕ್ರೋಟೆಸ್ಲಾಕ್ಕಿಂತ ಹೆಚ್ಚು ಕ್ಷೇತ್ರವಿದ್ದ ಮಕ್ಕಳಲ್ಲಿ ಲ್ಯುಕೀಮಿಯ ಸುಮಾರು ಎರಡರಷ್ಟು ಕಂಡಿತು. ಆದರೆ ಅಂಥ ಮನೆಗಳ ಮಕ್ಕಳು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಅಷ್ಟು ಸಣ್ಣ ಗುಂಪಿನಲ್ಲಿ ಆಕಸ್ಮಿಕವೂ ಇರಬಹುದು. ಪರೀಕ್ಷೆಗೆ ಒಪ್ಪಿದವರು ಒಪ್ಪದವರಿಗಿಂತ ಬೇರೆ ಬಗೆಯ ಜನರಾಗಿದ್ದಿರಬಹುದು. ಪ್ರಯೋಗಶಾಲೆಯಲ್ಲಿ ಪ್ರಾಣಿಗಳ ಮೇಲೆ ನೋಡಿದಾಗ ಇದಕ್ಕೆ ದೃಢವಾದ ಬೆಂಬಲ ಸಿಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೦೨ರಲ್ಲಿ ಈ ಕ್ಷೇತ್ರಗಳನ್ನು ‘ಪ್ರಾಯಶಃ ಕಾರಣವಾಗಬಹುದಾದ’ ವಸ್ತುಗಳ ಪಟ್ಟಿಗೆ ಸೇರಿಸಿತು. ಏಷ್ಯದ ಸಾಂಪ್ರದಾಯಿಕ ಉಪ್ಪು ತರಕಾರಿಗಳೂ ಅದೇ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿರುವುದೆಂದರೆ ಅಪರಾಧ ಸಿದ್ಧವಾಯಿತೆಂದಲ್ಲ, ಅನುಮಾನ ತೀರಲಿಲ್ಲವೆಂದು.

ಮೇಲೆ ನಾನು ಹೇಳಿದ ‘ಒಂದು ಕೋಟಿ ಪಟ್ಟಿನ’ ಲೆಕ್ಕಕ್ಕೂ ಒಂದು ಕಿಂಡಿಯುಂಟು. ಅದನ್ನು ಮುಚ್ಚಿಟ್ಟರೆ ನ್ಯಾಯವಾಗದು. ೧೯೬೦ರ ದಶಕದಲ್ಲಿ ಜರ್ಮನಿಯ ವೋಲ್ಫ್‌ಗಾಂಗ್ ವಿಲ್ಚ್‌ಕೊ, ರಾಬಿನ್ ಹಕ್ಕಿ ಭೂಮಿಯ ಕಾಂತಕ್ಷೇತ್ರವನ್ನು ಹಿಡಿದು ದಿಕ್ಕು ತಿಳಿಯುವುದೆಂದು ತೋರಿಸಿದನು. ೪೦-೫೦ ಮೈಕ್ರೋಟೆಸ್ಲಾದ ಪಿಸುಮಾ��ು ಹಕ್ಕಿಗೆ ಕೇಳಿಸುವುದು ಹೇಗೆ? ೧೯೭೮ರಲ್ಲಿ ಕ್ಲಾಸ್ ಶುಲ್ಟನ್ ಎಂಬವನು ಒಂದು ಊಹೆಯನ್ನು ಮುಂದಿಟ್ಟನು. ಬೆಳಕು ಬಿದ್ದಾಗ ಕೆಲವು ಅಣುಗಳಲ್ಲಿ ಜೊತೆಗೂಡಿದ್ದ ಎರಡು ಎಲೆಕ್ಟ್ರಾನುಗಳು ಬೇರೆಯಾಗಿ, ಕ್ಷಣಕಾಲ ಒಂದನ್ನೊಂದು ನೋಡುತ್ತ ನಿಲ್ಲುತ್ತವೆ. ಸಂದಣಿಯ ತಳ್ಳಾಟ ತಟ್ಟುವುದಕ್ಕೆ ಮುಂಚಿನ ಆ ಕ್ಷಣದಲ್ಲಿ ಅತ್ಯಲ್ಪ ಕಾಂತಕ್ಷೇತ್ರವೂ ಕ್ರಿಯೆ ಯಾವ ದಾರಿ ಹಿಡಿಯಬೇಕೆಂಬುದನ್ನು ಸ್ವಲ್ಪ ತಿರುಗಿಸಬಲ್ಲದು. ಹಕ್ಕಿಯ ಕಣ್ಣಿನ ಕ್ರಿಪ್ಟೋಕ್ರೋಮ್ ಎಂಬ ಪ್ರೋಟೀನಿನಲ್ಲಿ ಹೀಗೆ ನಡೆಯುತ್ತಿರಬಹುದೆಂದು ಈಗ ಅನೇಕರ ಅಭಿಪ್ರಾಯ. ಬಿಳಿಯ ಕಣಗಳೂ ಕ್ರಿಮಿಗಳನ್ನು ಕೊಲ್ಲಲು ಒಂಟಿ ಎಲೆಕ್ಟ್ರಾನುಳ್ಳ ಇಂಥ ಚಟುವಟಿಕೆಯ ಅಣುಗಳನ್ನು ಸಿಡಿಸುತ್ತವೆ. ಆದುದರಿಂದ ಗಂಭೀರವಾದ ಸಂಶೋಧಕರು ಹುಡುಕುತ್ತಿರುವುದು ಈ ಕಿಂಡಿಯಲ್ಲಿಯೇ ಹೊರತು ರಕ್ತದ ಕಬ್ಬಿಣದಲ್ಲಲ್ಲ. ಇದು ಹಾಸಿಗೆಗೆ ಸಮರ್ಥನೆಯೂ ಆಗುವುದಿಲ್ಲ. ಪರಿಣಾಮವೊಂದು ಇದ್ದೀತೆಂಬುದಕ್ಕೂ ಅದು ಗುಣಕಾರಿಯೆಂಬುದಕ್ಕೂ ನಡುವೆ ದೊಡ್ಡ ಬಯಲಿದೆ.

ಅಯಸ್ಕಾಂತವು ಬಿಳಿಯ ಕಣಕ್ಕೆ ನಿಸ್ಸಂದೇಹವಾಗಿ ನೆರವಾದ ಒಂದು ಕೆಲಸ ಉಂಟು. ಕಣದಲ್ಲಿ ಕಬ್ಬಿಣ ಸಾಲದಾದರೆ ನಾವೇ ಕಬ್ಬಿಣವನ್ನು ಕಟ್ಟೋಣವೆಂದು ವಿಜ್ಞಾನಿಗಳು ಯೋಚಿಸಿದರು. ೧೯೯೦ರಲ್ಲಿ ಜರ್ಮನಿಯ ಸ್ಟೆಫಾನ್ ಮಿಲ್ಟೆನಿ ಮತ್ತು ಸಂಗಡಿಗರು ಇದರ ಒಳ್ಳೆಯ ವಿಧಾನವೊಂದನ್ನು ಪ್ರಕಟಿಸಿದರು. ಕಬ್ಬಿಣದ ಆಕ್ಸೈಡಿನ ಅತಿ ಸೂಕ್ಷ್ಮ ಮಣಿಗಳನ್ನು ಮಾಡುತ್ತಾರೆ. ಒಂದು ಮಣಿ ಸುಮಾರು ೫೦ ನ್ಯಾನೋಮೀಟರ್, ಅಂದರೆ ಬಿಳಿಯ ಕಣದ ಅಗಲದಲ್ಲಿ ಸುಮಾರು ಇನ್ನೂರು ಮಣಿಗಳನ್ನು ಸಾಲಾಗಿಡಬಹುದು. ಮಣಿಗೆ ಒಂದು ಪ್ರತಿವಸ್ತುವನ್ನು ಅಂಟಿಸಿರುತ್ತಾರೆ. ಕಣಗಳ ಮೈಮೇಲೆ ಜಾತಿಗೊಂದರಂತೆ ಗುರುತುಗಳಿರುವುದರಿಂದ, ಬೇಕಾದ ಜಾತಿಯ ಕಣಕ್ಕೆ ಮಾತ್ರ ಮಣಿ ಹೋಗಿ ಅಂಟಿಕೊಳ್ಳುತ್ತದೆ. ಆ ಮಿಶ್ರಣವನ್ನು ಅಯಸ್ಕಾಂತದ ನಡುವೆ ನಿಲ್ಲಿಸಿದ, ಉಕ್ಕು ತುಂಬಿದ ಕೊಳವೆಯಲ್ಲಿ ಸುರಿದರೆ ಮಣಿಯಿಲ್ಲದವು ಕೆಳಗಿಳಿದುಹೋಗುತ್ತವೆ, ಮಣಿಯಿದ್ದವು ನಿಲ್ಲುತ್ತವೆ. ಕೊಳವೆಯನ್ನು ಅಯಸ್ಕಾಂತದಿಂದ ಹೊರಕ್ಕೆ ತೆಗೆದು ತೊಳೆದರೆ ಅವೂ ಬರುತ್ತವೆ. ಕೇರುವುದಕ್ಕೆ ಮೊರವಿದ್ದಂತೆ ಇದು.

ಈ ಕೇರುವಿಕೆಯಿಂದಲೇ ರೋಗನಿರೋಧಶಾಸ್ತ್ರದಲ್ಲಿ ಎಷ್ಟೋ ಜಾತಿಯ ಕಣಗಳ ಗುಣಧರ್ಮ ಬೇರೆಬೇರೆಯಾಗಿ ತಿಳಿಯಿತು. ಲ್ಯುಕೀಮಿಯದ ಹೊಸ ಚಿಕಿತ್ಸೆಯೊಂದರಲ್ಲಿ ರೋಗಿಯ ಟಿ-ಕಣಗಳನ್ನು ಹೊರತೆಗೆದು, ಕ್ಯಾನ್ಸರನ್ನು ಗುರುತಿಸುವಂತೆ ಅವುಗಳನ್ನು ತಿದ್ದಿ, ಬೆಳೆಸಿ, ಮತ್ತೆ ರೋಗಿಗೇ ಕೊಡುತ್ತಾರೆ. ಅಮೆರಿಕದಲ್ಲಿ ೨೦೧೭ರಲ್ಲಿ ಇದಕ್ಕೆ ಅನುಮತಿ ದೊರೆಯಿತು, ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ಶ್ರಮದಿಂದ ಇಂಥ ಚಿಕಿತ್ಸೆಗೆ ೨೦೨೩ರಲ್ಲಿ ನಮ್ಮ ದೇಶದಲ್ಲಿಯೂ ಅನುಮತಿ ಸಿಕ್ಕಿತು. ಅಮೆರಿಕದ ಆ ವಿಧಾನದಲ್ಲಿ ಟಿ-ಕಣಗಳನ್ನು ಎಚ್ಚರಿಸಿ ಬೆಳೆಯಿಸಲು ಬಳಸುವುದು ಅಯಸ್ಕಾಂತಕ್ಕೆ ಓಗೊಡುವ ಮಣಿಗಳನ್ನೇ. ಎಚ್ಚರಿಸುವುದು ಮಣಿಯ ಮೈಗೆ ಅಂಟಿಸಿದ ಪ್ರತಿವಸ್ತು, ಅಯಸ್ಕಾಂತವಲ್ಲ. ಅಯಸ್ಕಾಂತದ ಕೆಲಸ ಕೊನೆಗೆ ಬರುತ್ತದೆ. ಕಣಗಳು ಬೇಕಾದಷ್ಟು ಬೆಳೆದ ಮೇಲೆ ಮಣಿಗಳು ರೋಗಿಯ ಮೈಗೆ ಹೋಗಬಾರದೆಂದು ಎಲ್ಲವನ್ನೂ ಅಯಸ್ಕಾಂತದ ಪಕ್ಕದಲ್ಲಿ ಹರಿಸುತ್ತಾರೆ. ಅದು ಮಣಿಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಣಗಳು ಅದರ ಮುಂದೆಯೇ ಹರಿದು ರೋಗಿಯ ಕಡೆಗೆ ಹೋಗುತ್ತವೆ.